ಒದ್ದೆ ಮಾಡಿ ಬಿಡಿಸಿದ ಆ ಚೀಟಿ

ಬರ್ಲಿನ್‌ಗೆ ಕೆಲಸಕ್ಕೆ ಬಂದ ಹೊಸತು. ಭಾನುವಾರದ ಹಳೆ ಸಾಮಾನಿನ ಸಂತೆಗೆ ಸುಮ್ನೆ ಹೋಗುತ್ತಿದ್ದೆ. ಒಮ್ಮೆ ಸಿಗಾರ್ ಡಬ್ಬಿಯೊಂದರಲ್ಲಿ ಅಂಗೈಯಗಲದ ಚಿತ್ರಗಳು ಸಿಕ್ಕವು. ‘ಇದು ಇಂಥವರ ಪುಸ್ತಕ’ ಅಂತ ರಟ್ಟಿನ ಒಳಗೆ ಅಂಟಿಸುವ ಚೀಟಿಗಳು, ಅಂದರೆ ಬುಕ್‌ಪ್ಲೇಟ್‌ಗಳು. ಒಂದರಲ್ಲಿ ಸಹಿಯ ಪಕ್ಕ ಪುಟ್ಟ ಆರು ಮೂಲೆಯ ನಕ್ಷತ್ರ. ಅದು ಯಹೂದಿ ಕಲಾವಿದ ಹೆರ್ಮಾನ್ ಶ್ಟ್ರುಕ್ ಹಾಕುತ್ತಿದ್ದ ಗುರುತು ಅಂತ ಆಮೇಲೆ ತಿಳಿಯಿತು. ಅಲ್ಲಿಂದ ಹುಚ್ಚು ಹಿಡಿಯಿತು.

ಶ್ಟ್ರುಕ್, ಅವರ ಶಿಷ್ಯ ಯೋಸೆಫ್ ಬುಡ್ಕೊ, ಲೇಖಕ ಸ್ಟೆಫಾನ್ ಜ್ವೈಗ್‌ಗೂ ಬುಕ್‌ಪ್ಲೇಟ್ ಮಾಡಿಕೊಟ್ಟ ಎಫ್ರಾಯಿಮ್ ಮೋಸೆಸ್ ಲಿಲಿಯೆನ್: ಈ ಮೂವರನ್ನೇ ಹುಡುಕತೊಡಗಿದೆ. ಚೀಟಿಗಳ ಮೇಲಿನ ಬರಹ ಓದಲೆಂದು ಹೀಬ್ರೂ ಅಕ್ಷರಮಾಲೆಯನ್ನೂ ಕಲಿತೆ. ಬಲದಿಂದ ಎಡಕ್ಕೆ ಓದುವ ಅಭ್ಯಾಸವಾಗಲು ಎರಡು ತಿಂಗಳು ಹಿಡಿಯಿತು.

ಮೋಸವೂ ಹೋದೆ. ಬುಡ್ಕೊ ಅವರ ಅಸಲಿ ಎಚ್ಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು ಒತ್ತಿದ ಚಿತ್ರ ಅಂತ ಒಬ್ಬರು ಜಾಸ್ತಿ ದುಡ್ಡಿಗೆ ಕೊಟ್ಟರು. ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದರೆ ಬರೀ ಚುಕ್ಕಿ ಚುಕ್ಕಿ, ಯಾವುದೋ ಪತ್ರಿಕೆಯಿಂದ ಕತ್ತರಿಸಿದ್ದು! ಈಗ ಮೊದಲು ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ. ತಾಮ್ರದ ತಗಡಿನಿಂದ ಒತ್ತಿದ್ದಾದರೆ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಗುರುತು ಕಾಣುತ್ತದೆ. ಬೆರಳಾಡಿಸಿದರೆ ಶಾಯಿಯ ಗೆರೆ ಸ್ವಲ್ಪ ಉಬ್ಬಿದ ಹಾಗೆ ಸಿಗುತ್ತದೆ. ಹಾಗಂತ ಎಲ್ಲಕ್ಕೂ ಈ ಗುರುತು ಹುಡುಕಬಾರದು. ಲಿಲಿಯೆನ್ ಅವರ ಎಷ್ಟೋ ಬುಕ್‌ಪ್ಲೇಟ್‌ಗಳು ಪೆನ್ನಿನ ಚಿತ್ರದಿಂದ ಬ್ಲಾಕ್ ಮಾಡಿಸಿ ಅಚ್ಚು ಹಾಕಿಸಿದವು. ಅವು ಚಪ್ಪಟೆಯಾಗಿದ್ದರೂ ಅಸಲಿಯೇ.

ಮೋಸ ಹೋದದ್ದು ಮರೆತೇನು, ನಾನೇ ಮಾಡಿದ ಇನ್ನೊಂದು ತಪ್ಪು ಮರೆಯಲಾಗುವುದಿಲ್ಲ. ಹಳೆಯ ವೈದ್ಯ ಪುಸ್ತಕವೊಂದರಲ್ಲಿ ಯಾರೋ ಯಹೂದಿ ಡಾಕ್ಟರರ ಬುಕ್‌ಪ್ಲೇಟ್ ಇತ್ತು. ಒದ್ದೆ ಬ್ಲಾಟಿಂಗ್ ಕಾಗದ ಇಟ್ಟು ಅರ್ಧ ಗಂಟೆ ಕಾದು, ಚೀಟಿಯನ್ನು ಮೆಲ್ಲಗೆ ಬಿಡಿಸಿದೆ. ಪುಸ್ತಕ ರದ್ದಿಗೆ ಹೋಯಿತು.

ನಾಜಿಗಳು ಯಹೂದಿ ಮನೆಗಳಿಂದ ದೋಚಿದ ಪುಸ್ತಕಗಳು ಇಲ್ಲಿನ ಲೈಬ್ರರಿಗಳಲ್ಲಿ ಇನ್ನೂ ಇವೆ. ಅವು ಯಾರವು ಅಂತ ಪತ್ತೆ ಹಚ್ಚಿ ಮೊಮ್ಮಕ್ಕಳಿಗೆ ತಲುಪಿಸಲು ಸಿಬ್ಬಂದಿ ನೋಡುವ ಮುಖ್ಯ ಸುಳಿವುಗಳಲ್ಲಿ ಈ ಚೀಟಿಯೂ ಒಂದು. ವಿಯೆನ್ನಾದ ಔಷಧಿ ವ್ಯಾಪಾರಿ ಮಾರ್ಕೊ ಬಿರ್ನ್‌ಹೋಲ್ಟ್ಸ್ ತಮ್ಮೊಬ್ಬರ ಹೆಸರಿಗೇ 300ಕ್ಕೂ ಹೆಚ್ಚು ಬುಕ್‌ಪ್ಲೇಟ್ ಮಾಡಿಸಿದ್ದರು. ಅವರ ಸಂಗ್ರಹವನ್ನೂ ನಾಜಿಗಳು ಕಿತ್ತುಕೊಂಡರು. ಇದನ್ನೆಲ್ಲ ಓದಿದ ರಾತ್ರಿ ನನ್ನ ಆಲ್ಬಂ ತೆಗೆದು ಆ ಡಾಕ್ಟರರ ಚೀಟಿ ನೋಡಿದೆ. ಪುಸ್ತಕದ ಹೆಸರೂ ನೆನಪಿಲ್ಲ.

ಈಗ ಪುಸ್ತಕ ಸಮೇತವೇ ಕೊಳ್ಳುತ್ತೇನೆ. ಜರ್ಮನ್ ಬೀಜಗಣಿತ, ತೋಟಗಾರಿಕೆ, ಏನೇನೋ. ಕಪಾಟು ತುಂಬಿ ಪುಸ್ತಕ ಅಡುಗೆಮನೆಗೂ ಬಂದಿವೆ. ಹೆಂಡತಿ ಬೈಯುತ್ತಾಳೆ, ನ್ಯಾಯವೇ ಅಲ್ವಾ?