ತೆರಿಗೆ ಇಲ್ಲದ ಅಕ್ಕಿ, ತೆರಿಗೆ ಇರುವ ಗೋದಾಮು

ದವಸಧಾನ್ಯ, ದಿನಸಿ ವ್ಯಾಪಾರಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ರಾಜ್ಯದ ವ್ಯಾಟ್, ಕೇಂದ್ರದ ಎಕ್ಸೈಸ್, ಸರ್ವಿಸ್ ಟ್ಯಾಕ್ಸ್ ಎಲ್ಲ ಸೇರಿ 2017ರ ಜುಲೈ 1ರಂದು ಜಿಎಸ್‌ಟಿ ಆಯಿತು. ಆಗ ಎಲ್ಲರೂ ದರದ ಪಟ್ಟಿ ಹಿಡಿದು ಕೂತಿದ್ದರು. ನನಗೆ ಜಾಸ್ತಿ ಕೆಲಸ ಕೊಟ್ಟಿದ್ದು ತೆರಿಗೆಯೇ ಇಲ್ಲದ ಸರಕು.

ವ್ಯಾಟ್ ಕಾಲದಲ್ಲಿ ಕರ್ನಾಟಕದವರು ಭತ್ತ, ಅಕ್ಕಿ, ಗೋಧಿ, ಬೇಳೆಯ ವಿನಾಯಿತಿಯನ್ನು ಬಜೆಟ್‌ನಲ್ಲಿ ಒಂದೊಂದು ವರ್ಷ ಮುಂದಕ್ಕೆ ಹಾಕುತ್ತಿದ್ದರು. ಈಗ ಅದು ಕೇಂದ್ರ, ರಾಜ್ಯಗಳ ಮಂತ್ರಿಗಳು ಸೇರುವ ಜಿಎಸ್‌ಟಿ ಕೌನ್ಸಿಲ್‌ನಲ್ಲಿ ತೀರ್ಮಾನವಾಗುತ್ತದೆ. ವಿನಾಯಿತಿ ಸಿಕ್ಕರೆ ಕೇಂದ್ರದ ಪಾಲು, ರಾಜ್ಯದ ಪಾಲು ಎರಡೂ ಒಟ್ಟಿಗೆ ಹೋಗುತ್ತವೆ. ಇಷ್ಟೇ ಆಗಿದ್ದರೆ ತಲೆನೋವೇ ಇರಲಿಲ್ಲ.

ಶುರುವಿನಲ್ಲೇ ಒಬ್ಬ ವ್ಯಾಪಾರಿ ಕೇಳಿದರು, 'ಸಾರ್, ಅಕ್ಕಿಗೆ ಟ್ಯಾಕ್ಸೇ ಇಲ್ಲ ಅಲ್ವಾ? ಮತ್ತೆ ಗೋದಾಮಿನ ಬಾಡಿಗೆ ಮೇಲೆ ಕಟ್ಟಿದ ಟ್ಯಾಕ್ಸ್ ಯಾಕೆ ಕಳ್ಕೋಬೇಕು?' ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ಅವರ ಹಳೆಯ ಲೆಕ್ಕವನ್ನೇ ತೆಗೆದು ತೋರಿಸಿದೆ. ಜಿಎಸ್‌ಟಿಗೆ ಮೊದಲು ಬಾಡಿಗೆಯ ಮೇಲೆ ಶೇ 15 ಸರ್ವಿಸ್ ಟ್ಯಾಕ್ಸ್ ಇತ್ತು. ಅದು ಕೇಂದ್ರದ ತೆರಿಗೆ, ಇವರು ಬೇರೆ ಸರಕಿನ ಮೇಲೆ ಕಟ್ಟುತ್ತಿದ್ದದ್ದು ರಾಜ್ಯದ ವ್ಯಾಟ್. ಒಂದನ್ನು ಇನ್ನೊಂದರಲ್ಲಿ ಕಳೆಯುವಂತಿರಲಿಲ್ಲ. ಹಾಗಾಗಿ ಅದು ಸುಮ್ನೆ ಬಾಡಿಗೆ ಖರ್ಚಿನೊಳಗೆ ಸೇರಿಹೋಗುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಶೇ 18 ಜಿಎಸ್‌ಟಿ ಕಟ್ಟಿದರೆ ಅದು ಕ್ರೆಡಿಟ್ ಆಗಿ, ಅಂದರೆ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದಾದ ಮೊತ್ತವಾಗಿ, ಪುಸ್ತಕಕ್ಕೆ ಬರುತ್ತದೆ. ಆಮೇಲೆ ವಿನಾಯಿತಿ ಸರಕಿನ ಪಾಲಿನಷ್ಟು ಸರ್ಕಾರಕ್ಕೆ ವಾಪಸ್ ಹೋಗುತ್ತದೆ. ಹೋಗುವುದು ಕಾಣುವುದರಿಂದ ಹೊಸ ನಷ್ಟ ಅನ್ನಿಸುತ್ತದೆ. ಅಕ್ಕಿಯ ಜೊತೆ ಎಣ್ಣೆ, ಸೋಪು ಮಾರುವವರಿಗೆ ಹಿಂದೆ ಪೂರ್ತಿ ಹೋಗುತ್ತಿದ್ದುದರಲ್ಲಿ ಈಗ ಒಂದು ಭಾಗ ಉಳಿಯುತ್ತದೆ. ಆದರೆ ಬರೀ ಬಿಡಿ ಅಕ್ಕಿ, ಬೇಳೆ ಮಾರುವವರಿಗೆ ಶೇ 15 ಇದ್ದ ಖರ್ಚು ಶೇ 18 ಆಯಿತು. ಅವರಿಗೆ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ, ರಿಟರ್ನ್ ಗೋಳೂ ಇಲ್ಲ. ಆದರೆ ತೆರಿಗೆ ಅವರ ಖರ್ಚಿನಲ್ಲಿ ಅಡಗಿ ಕೂತಿದೆ.

ನಾನು ಮಾಡಿದ ಮೊದಲ ಕೆಲಸ ಖರೀದಿ ಲೆಡ್ಜರ್ ಒಡೆದದ್ದು. ತೆರಿಗೆ ಇರುವ ಸರಕಿಗೇ ಹೋಗುವ ಖರ್ಚು ಒಂದು ಕಡೆ, ಬರೀ ವಿನಾಯಿತಿ ಸರಕಿಗೆ ಹೋಗುವುದು ಇನ್ನೊಂದು ಕಡೆ. ಬಾಡಿಗೆ, ಆಡಿಟ್ ಫೀ, ಫೋನ್ ಬಿಲ್ಲಿನಂಥವು ಎರಡಕ್ಕೂ ಸೇರಿದವು, ಅವು ಬೇರೆ. ಬಿಲ್ ಬಂದ ದಿನವೇ ಇದನ್ನು ಬೇರೆ ಮಾಡಿದರೆ ತಿಂಗಳ ಕೊನೆಯ ಲೆಕ್ಕ ಸಲೀಸು. ಜಿಎಸ್‌ಟಿ ನಿಯಮಗಳ ರೂಲ್ 42ರ ಪ್ರಕಾರ, ವಹಿವಾಟಿನ ಪಾಲಿನಂತೆ ಹಂಚಬೇಕಾದ್ದು ಮೂರನೆಯದನ್ನು ಮಾತ್ರ. ಉದಾಹರಣೆಗೆ, ತಿಂಗಳ ವಹಿವಾಟು 1 ಕೋಟಿ, ಅದರಲ್ಲಿ ವಿನಾಯಿತಿ ಸರಕು 60 ಲಕ್ಷ, ಎರಡಕ್ಕೂ ಸೇರಿದ ಕ್ರೆಡಿಟ್ 10,000 ರೂಪಾಯಿ ಅಂದುಕೊಳ್ಳಿ. 6,000 ವಾಪಸ್ ಮಾಡಬೇಕು, ಕೇಂದ್ರದ್ದು 3,000, ರಾಜ್ಯದ್ದು 3,000. ಬೇರೆ ಮಾಡದೆ ಎಲ್ಲವನ್ನೂ ಒಂದೇ ರಾಶಿಗೆ ಹಾಕಿದರೆ, ಎಣ್ಣೆ, ಸೋಪಿನ ಖರೀದಿಯ ಕ್ರೆಡಿಟ್‌ನಲ್ಲೂ ಶೇ 60 ಹೋಗುತ್ತದೆ. ದಂಡವೂ ಇಲ್ಲ, ನೋಟಿಸೂ ಇಲ್ಲ, ಆದರೂ ದುಡ್ಡು ಹೋಯಿತು. ತೂಕದ ಯಂತ್ರದಂಥ ದೊಡ್ಡ ವಸ್ತುಗಳ ಕ್ರೆಡಿಟ್ 60 ತಿಂಗಳಿಗೆ ಹಂಚಿಕೆಯಾಗುತ್ತದೆ, ಅದಕ್ಕೆ ಬೇರೆ ಹಾಳೆ ಇಡಿ.

ವಿನಾಯಿತಿ ಸರಕಿಗೆ ಕೊಡುವುದು ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆ ಹಾಕದ ಬಿಲ್. ಅದು ಸುಲಭ.

ಕಷ್ಟ ಇರುವುದು ತೆರಿಗೆ, ವಿನಾಯಿತಿಯ ನಡುವಿನ ಗೆರೆ ಸರಿದಾಗ. ಮೊದಲು ನೋಂದಾಯಿತ ಬ್ರ್ಯಾಂಡ್ ಇರುವ ಪ್ಯಾಕೆಟ್ ಅಕ್ಕಿಗೆ ಶೇ 5, ಇಲ್ಲದ್ದಕ್ಕೆ ಸೊನ್ನೆ. 2022ರ ಜುಲೈ 18ರಿಂದ ಬ್ರ್ಯಾಂಡ್ ಮಾತು ಹೋಯಿತು. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕೆಜಿವರೆಗಿನ ಚೀಲಕ್ಕೆ ಶೇ 5 ಬಂತು. ಬಿಡಿಯಾಗಿ ತೂಗಿ ಕೊಟ್ಟರೆ ವಿನಾಯಿತಿ ಹಾಗೇ ಉಳಿಯಿತು. ಅದೇ ಅಕ್ಕಿ, ಅದೇ ಗೋದಾಮು, ಚೀಲ ಮಾತ್ರ ಬೇರೆ! 17ರ ಸಂಜೆ ಗೋದಾಮಿನಲ್ಲಿ ನಿಂತು ಸ್ಟಾಕ್ ಎಣಿಸಿಸಿದೆ. ವಿನಾಯಿತಿ ಹೋಗಿ ತೆರಿಗೆ ಬಂದಾಗ, ಹಿಂದಿನ ದಿನ ಕೈಯಲ್ಲಿದ್ದ ಸ್ಟಾಕಿನ ಮೇಲೆ ಕಟ್ಟಿದ ತೆರಿಗೆಯನ್ನು ಕ್ರೆಡಿಟ್ ಆಗಿ ಪಡೆಯಬಹುದು. ಪ್ಯಾಕಿಂಗ್ ಚೀಲಗಳ ತೆರಿಗೆ ಹೀಗೆ ವಾಪಸ್ ಬಂತು. ಖರೀದಿ ಬಿಲ್ ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು, ಐಟಿಸಿ-01 ಅರ್ಜಿಯನ್ನು 30 ದಿನದೊಳಗೆ ಹಾಕಬೇಕು.

2025ರ ಸೆಪ್ಟೆಂಬರ್ 22ರಂದು ಗಾಡಿ ಇನ್ನೊಂದು ದಿಕ್ಕಿಗೆ ತಿರುಗಿತು. ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಪ್ಯಾಕ್ ಮಾಡಿದ ಪನೀರ್ ಸೊನ್ನೆಗೆ ಇಳಿದವು. ಆಗ 21ರ ಸ್ಟಾಕಿನ ಮೇಲೆ ಪಡೆದಿದ್ದ ಕ್ರೆಡಿಟ್ ವಾಪಸ್ ಕಟ್ಟಬೇಕು. ಅದಕ್ಕೇ ಸುದ್ದಿ ಬಂದ ಕೂಡಲೇ ನನ್ನ ಕಡೆಯ ಅಂಗಡಿಯವರಿಗೆ ಫೋನ್ ಮಾಡಿದೆ: ನೋಟ್‌ಬುಕ್ ಆರ್ಡರ್ 22ರವರೆಗೆ ನಿಲ್ಲಿಸಿ, ಇರುವುದನ್ನು ಮೊದಲು ಮಾರಿ. ಕೇಳಿದವರಿಗೆ ವಾಪಸ್ ಕಟ್ಟುವುದು ಕಡಿಮೆಯಾಯಿತು.

ಸೊನ್ನೆ ಮಾಡಿದರೆ ಗಿರಾಕಿಗೆ ಪೂರ್ತಿ ಲಾಭ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸ್ಯಾನಿಟರಿ ನ್ಯಾಪ್‌ಕಿನ್‌ಗೆ 2018ರ ಜುಲೈ 27ರಿಂದ ಶೇ 12 ತೆಗೆದರು. ತೆಗೆದದ್ದು ಸರಿಯೇ. ಆದರೆ ಕಚ್ಚಾವಸ್ತುಗಳ ಮೇಲೆ ಕಂಪನಿ ಕಟ್ಟುವ ತೆರಿಗೆಯ ಕ್ರೆಡಿಟ್ ಕೂಡ ನಿಂತಿತು, ಅದು ಬೆಲೆಯೊಳಗೇ ಉಳಿಯಿತು. ರಫ್ತಿಗೆ ಹಾಗಲ್ಲ, ಅಲ್ಲಿ ತೆರಿಗೆಯೂ ಇಲ್ಲ, ಕಟ್ಟಿದ ಕ್ರೆಡಿಟ್ ರೀಫಂಡ್ ಕೂಡ ಸಿಗುತ್ತದೆ. ನಮ್ಮ ಜನ ದಿನಾ ಬಳಸುವ ಒಂದಿಷ್ಟು ವಸ್ತುಗಳಿಗಾದರೂ ಅದೇ ರೀತಿ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಉಳಿಯಿತು. ರೂಲ್ 42ರ ತಿಂಗಳ ಹಂಚಿಕೆ ತಾತ್ಕಾಲಿಕ, ಇಡೀ ವರ್ಷದ ವಹಿವಾಟಿನ ಮೇಲೆ ಮತ್ತೆ ಲೆಕ್ಕ ಹಾಕಬೇಕು. ಸೆಪ್ಟೆಂಬರ್‌ವರೆಗೆ ಸಮಯವಿದೆ. ಆದರೆ ಕಡಿಮೆ ವಾಪಸ್ ಮಾಡಿದ್ದರೆ ಬಡ್ಡಿ ಏಪ್ರಿಲ್ 1ರಿಂದಲೇ ಓಡುತ್ತದೆ. ಹಾಗಾಗಿ ಮಾರ್ಚ್ ಲೆಕ್ಕ ಮುಗಿದ ತಕ್ಷಣ ನಾನು ಇದನ್ನು ಮಾಡುತ್ತೇನೆ. ಜಾಸ್ತಿ ವಾಪಸ್ ಮಾಡಿದ್ದರೆ ಅದನ್ನೂ ಆಗಲೇ ಮರಳಿ ಪಡೆಯಬಹುದು.