ಸನ್‌ಪೈ ಬಳಸಿ ಒಂದು ಸೌರಜ್ವಾಲೆಯನ್ನು ಅಳೆದದ್ದು

2024ರ ಮೇ ತಿಂಗಳಲ್ಲಿ ಸೂರ್ಯನ ಮೇಲಿನ 13664 ಸಂಖ್ಯೆಯ ಕಲೆಗಳ ಗುಂಪು ಒಂದರ ಹಿಂದೆ ಒಂದು ಜ್ವಾಲೆ ಉಗುಳಿತು. ಅದರಲ್ಲಿ ಮೇ 14ರದ್ದು ಎಕ್ಸ್ 8.7 ದರ್ಜೆಯದು (ಎಕ್ಸ್ ಅಂದ್ರೆ ಅತಿ ಜೋರಿನ ಜ್ವಾಲೆಗಳ ದರ್ಜೆ). ಅದನ್ನು ನಾನೇ ಅಳೆದು ನೋಡಬೇಕು ಅನ್ನಿಸಿತು. ಸೂರ್ಯನ ಡೇಟಾ ನೋಡೋಕೆ ಇರುವ ಪೈಥಾನ್‌ನ ಸನ್‌ಪೈ ಲೈಬ್ರರಿ ತೆರೆದು ಕೂತೆ.

ಡೇಟಾ ತರೋದು ಸುಲಭ. ಡೇಟಾ ಹುಡುಕಿ ತರುವ ಸನ್‌ಪೈನ ಸಾಧನ ಫಿಡೊಗೆ ಸಮಯ, ಉಪಕರಣ, ತರಂಗಾಂತರ ಹೇಳಿದರೆ ಸಾಕು, ಯಾವ ಸರ್ವರ್‌ನಲ್ಲಿದೆ ಅಂತ ಅದೇ ಹುಡುಕುತ್ತದೆ. ಸಮಯವನ್ನು ಮಾತ್ರ ಯುಟಿಸಿಯಲ್ಲಿ, ಅಂದ್ರೆ ಜಾಗತಿಕ ಪ್ರಮಾಣ ಸಮಯದಲ್ಲಿ ಕೊಡಬೇಕು. ಈ ಜ್ವಾಲೆ ತುದಿ ಮುಟ್ಟಿದ್ದು 16:51ಕ್ಕೆ. ನಮಗೆ ಆಗ ರಾತ್ರಿ 10:21.

ಮೊದಲು ಗೋಸ್-16 ಉಪಗ್ರಹದ ಎಕ್ಸ್-ರೇ ಡೇಟಾ ಇಳಿಸಿದೆ. ಫೈಲ್ ಚಿಕ್ಕದು, ಜ್ವಾಲೆ ಯಾವಾಗ ಶುರುವಾಗಿ ಯಾವಾಗ ಇಳಿಯಿತು ಅಂತ ಒಂದೇ ಗ್ರಾಫಿನಲ್ಲಿ ಗೊತ್ತಾಗುತ್ತದೆ. ಆ ಸಮಯ ಹಿಡಿದುಕೊಂಡೇ ಚಿತ್ರಗಳಿಗೆ ಹೋಗೋದು ಒಳ್ಳೇದು. ಯಾಕಂದ್ರೆ ಸೂರ್ಯನನ್ನು ನೋಡುವ ನಾಸಾದ ಎಸ್‌ಡಿಒ ನೌಕೆಯ ಎಐಎ ದೂರದರ್ಶಕ ಅತಿನೇರಳೆಯ ಒಂದೊಂದು ಚಾನೆಲ್‌ನಲ್ಲೂ 12 ಸೆಕೆಂಡಿಗೊಂದು ಚಿತ್ರ ತೆಗೆಯುತ್ತದೆ. ಗಂಟೆಗೆ 300. ಒಂದೊಂದೂ 4096 × 4096 ಪಿಕ್ಸೆಲ್. ನಾನು 131 ಆಂಗ್‌ಸ್ಟ್ರಾಂ ತರಂಗಾಂತರದ ಚಾನೆಲ್ ಒಂದನ್ನೇ ಆರಿಸಿಕೊಂಡೆ. ಕೋಟಿ ಡಿಗ್ರಿ ದಾಟಿದ ಅನಿಲ ಚೆನ್ನಾಗಿ ಕಾಣೋದು ಅದರಲ್ಲೇ. ಆಮೇಲೆ ಸಬ್‌ಮ್ಯಾಪ್ ಬಳಸಿ ಜ್ವಾಲೆಯ ಜಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಂಡೆ.

ಇಲ್ಲಿಂದ ಮುಂದೆ ಎಚ್ಚರ ಬೇಕು. ಪ್ರತಿ ಚಿತ್ರದ ಪಿಕ್ಸೆಲ್‌ಗಳನ್ನು ಕೂಡಿಸಿ ಗ್ರಾಫ್ ಹಾಕಿದರೆ ಗೆರೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಹೋಗುತ್ತದೆ. ಸೂರ್ಯ ಹಾಗೆ ಮಿನುಗಿದ್ದಲ್ಲ. ಜ್ವಾಲೆ ಜೋರಾದಾಗ ಎಐಎ ಒಂದು ಚಿತ್ರಕ್ಕೆ ಮಾಮೂಲಿ ಎಕ್ಸ್‌ಪೋಷರ್ (ಬೆಳಕು ಹಿಡಿಯುವ ಸಮಯ), ಮುಂದಿನದಕ್ಕೆ ಚಿಕ್ಕ ಎಕ್ಸ್‌ಪೋಷರ್ ಕೊಡುತ್ತದೆ, ಬೆಳಕು ಮಿತಿಮೀರದಿರಲಿ ಅಂತ. ಎಷ್ಟು ಸೆಕೆಂಡು ಅನ್ನೋದು ಫೈಲಿನ ಹೆಡರ್‌ನಲ್ಲೇ ಇರುತ್ತದೆ. ಸನ್‌ಪೈನಲ್ಲಿ ಮ್ಯಾಪನ್ನು (ಚಿತ್ರಕ್ಕೆ ಅಲ್ಲಿ ಹೇಳೋದು ಹೀಗೆ) ಅದರ ಎಕ್ಸ್‌ಪೋಷರ್ ಸಮಯದಿಂದ ನೇರವಾಗಿ ಭಾಗಿಸಬಹುದು, ಏಕಮಾನವೂ ಜೊತೆಗೇ ಬದಲಾಗುತ್ತದೆ. ನನಗೆ ಈ ಲೈಬ್ರರಿ ಜಾಸ್ತಿ ಇಷ್ಟವಾಗೋದು ಇದಕ್ಕೇ. ಸುಮ್ನೆ ಅಂಕಿ ಕೊಡಲ್ಲ, ಅದು ಯಾವ ಅಳತೆಯದು ಅಂತಲೂ ಹೇಳುತ್ತದೆ.

ಭಾಗಿಸಿದರೂ ಸರಿಹೋಗದ ಪಿಕ್ಸೆಲ್‌ಗಳು ಉಳಿಯುತ್ತವೆ. ಕ್ಯಾಮೆರಾ 14 ಬಿಟ್‌ನದು, 16,383 ಮುಟ್ಟಿದ ಮೇಲೆ ಅದು ಎಣಿಸಲಾರದು. ತುಂಬಿಹೋದ ಆ ಪಿಕ್ಸೆಲ್‌ಗಳನ್ನು ಭಾಗಿಸೋಕೆ ಮುಂಚೆಯೇ ಗುರುತಿಸಿಡಬೇಕು, ಆಮೇಲೆ ಗೊತ್ತಾಗಲ್ಲ. ನಾನು 16,000ದ ಮೇಲಿನದನ್ನೆಲ್ಲ ಬಿಟ್ಟೆ. ಹಾಗಾಗಿ ಜ್ವಾಲೆಯ ನಡುಭಾಗದ ಹೊಳಪಿನ ಬಗ್ಗೆ ನನ್ನ ಗ್ರಾಫ್ ಏನೂ ಹೇಳಲ್ಲ. ಅದಕ್ಕೆ ಗೋಸ್ ಅಂಕಿಯೇ ಆಧಾರ.