ಗೇರ್ ಬಾಕ್ಸ್ ಇಳಿಸುವ ಮೊದಲು ಲಿವರ್‌ನ ಬುಡ ನೋಡಿ

ನ್ಯೂಟ್ರಲ್ ಎಲ್ಲಿ, ಮೂರನೇ ಗೇರ್ ಎಲ್ಲಿ ಎಂದು ಕೈಗೆ ಗೊತ್ತಾಗದಷ್ಟು ನನ್ನ ಲಾರಿಯ ಗೇರ್ ಲಿವರ್ ಸಡಿಲವಾಗಿತ್ತು. ಗೇರ್ ಹಾಕಿದ ಮೇಲೂ ಅದರ ತಲೆ ಒಂದು ಅಂಗೈ ಅಗಲ ಆಡುತ್ತಿತ್ತು. ರಿವರ್ಸ್ ಹುಡುಕಿದರೆ ಒಂದನೇ ಗೇರ್ ಬೀಳುತ್ತಿತ್ತು. ಲೋಡ್ ಇದ್ದಾಗ ನಾಲ್ಕನೇ ಗೇರ್ ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಗೇರ್ ಬಾಕ್ಸ್ ಹೋಗಿದೆ, ಇಳಿಸಿಬಿಡಿ." ಗೇರ್ ಬಾಕ್ಸ್ ಇಳಿಸುವುದೆಂದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಕ್ಲಚ್‌ನ ಜೋಡಣೆ ಬಿಚ್ಚಬೇಕು, ಜ್ಯಾಕ್ ಬೇಕು, ಜನ ಬೇಕು. ಅಷ್ಟೆಲ್ಲ ಮಾಡುವ ಮೊದಲು ದೋಷ ಒಳಗಿದೆಯೋ ಹೊರಗಿದೆಯೋ ಎಂದು ತಿಳಿದುಕೊಳ್ಳೋಣ ಅನ್ನಿಸಿತು.

ನನ್ನದು ಎಂಜಿನ್ ಮೇಲೆ ಕ್ಯಾಬಿನ್ ಕೂರುವ ಗಾಡಿ. ಇಂಥವುಗಳಲ್ಲಿ ಲಿವರ್ ನೇರವಾಗಿ ಗೇರ್ ಬಾಕ್ಸ್ ಮೇಲೆ ಕೂತಿರುವುದಿಲ್ಲ. ಲಿವರ್‌ನಿಂದ ಒಂದು ಉದ್ದದ ರಾಡ್ ಹಿಂದಕ್ಕೆ ಹೋಗುತ್ತದೆ. ನಡುವೆ ಬಾಲ್ ಜಾಯಿಂಟ್, ಬ್ರ್ಯಾಕೆಟ್ ಬುಷ್ (ಪಿನ್ ತಿರುಗಲು ಇಟ್ಟ ಕೊಳವೆಯಂಥ ತುಂಡು), ಎಲ್ಲ ಕಡೆ ಬಾಗುವ ಸಣ್ಣದೊಂದು ಯೂನಿವರ್ಸಲ್ ಜಾಯಿಂಟ್. ಕೆಲವು ಗಾಡಿಗಳಲ್ಲಿ ರಾಡ್ ಬದಲು ಎರಡು ಕೇಬಲ್ ಇರುತ್ತವೆ: ಒಂದು ಸಾಲು ಆರಿಸಲು, ಇನ್ನೊಂದು ಗೇರ್ ತಳ್ಳಲು. ಯಾವುದೇ ಆಗಲಿ, ಪರೀಕ್ಷೆ ಒಂದೇ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟೆ. ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ ಲಿವರ್ ಅಲ್ಲಾಡಿಸಲು ಹೇಳಿ, ನಾನು ಕೆಳಗೆ ಟಾರ್ಚ್ ಹಿಡಿದು ಮಲಗಿದೆ.

ಮೇಲೆ ಲಿವರ್ ಆಡುತ್ತಿತ್ತು, ರಾಡ್‌ನ ಮುಂದಿನ ತುದಿಯೂ ಆಡುತ್ತಿತ್ತು. ಒಳಗಿನ ಗೇರ್ ಬದಲಿಸುವ, ಗೇರ್ ಬಾಕ್ಸ್ ಮೇಲಿನ ಸೆಲೆಕ್ಟರ್ ಶಾಫ್ಟ್ ಮಾತ್ರ ಸುಮ್ಮನಿತ್ತು. ನಂತರ ರಾಡ್‌ನ ಹಿಂದಿನ ತುದಿ ಕಳಚಿ, ಶಾಫ್ಟ್‌ನ ತೋಳನ್ನೇ ಕೈಯಲ್ಲಿ ಹಿಡಿದು ಒಂದೊಂದೇ ಗೇರಿಗೆ ತಳ್ಳಿ ನೋಡಿದೆ. ಪ್ರತಿ ಸಲ 'ಟಕ್' ಎಂದು ಕೂತು ಅಲ್ಲೇ ನಿಲ್ಲುತ್ತಿತ್ತು. ಒಳಗಿನ ಸ್ಪ್ರಿಂಗ್ ಮತ್ತು ಗುಂಡು ಶಾಫ್ಟ್‌ನ ತಗ್ಗಿನಲ್ಲಿ ಸರಿಯಾಗಿ ಕೂರುತ್ತಿವೆ ಎಂಬುದಕ್ಕೆ ಆ ಸದ್ದು ಸಾಕು. ಎಂಜಿನ್ ನಿಂತಿರುವಾಗ ಹಲ್ಲಿಗೆ ಹಲ್ಲು ಎದುರಾಗಿ ಒಂದೆರಡು ಗೇರ್ ಪೂರ್ತಿ ಬೀಳದಿರಬಹುದು, ಅದನ್ನು ದೋಷ ಎಂದು ಎಣಿಸಬೇಡಿ. ಶಾಫ್ಟೇ ಮೆತ್ತಗೆ, ಹಿಡಿತವಿಲ್ಲದೆ ಆಡಿದರೆ ಒಳಗೇ ಕೆಲಸ ಇದೆ ಎಂದರ್ಥ.

ಇಲ್ಲೊಂದು ಲೆಕ್ಕ ಇದೆ. ಲಿವರ್ ತಿರುಗುವ ಗುಂಡಿನಿಂದ ಮೇಲಿನ ಉದ್ದ 600 ಮಿ.ಮೀ., ಕೆಳಗಿನ ಉದ್ದ 75 ಮಿ.ಮೀ. ಅಂದುಕೊಳ್ಳಿ. ಆಗ ಬುಡದಲ್ಲಿ 1 ಮಿ.ಮೀ. ಸವೆತ ಕೈ ಹಿಡಿಯುವ ಜಾಗದಲ್ಲಿ 8 ಮಿ.ಮೀ. ಆಗುತ್ತದೆ. ಜಾಯಿಂಟ್ ಒಂದೊಂದರಲ್ಲಿ ಅರ್ಧ ಮಿ.ಮೀ. ಸವೆದರೂ, ಅಂಥವು ಆರು ಸೇರಿದರೆ ಮೇಲೆ 24 ಮಿ.ಮೀ. ಹಾಗಾಗಿ ಯಾವುದೋ ಒಂದು ಜಾಯಿಂಟ್ ಪೂರ್ತಿ ಕೆಟ್ಟಿರಬೇಕು ಎಂದೇನಿಲ್ಲ. ತೀರಾ ಸವೆದದ್ದನ್ನಷ್ಟೇ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಅರ್ಧ ಸಡಿಲ ಹಾಗೇ ಉಳಿಯುತ್ತದೆ. ನಾನು ಎಲ್ಲವನ್ನೂ ಒಟ್ಟಿಗೇ ಬದಲಿಸಿದೆ.

ಬಿಚ್ಚುವ ಮೊದಲು ಗುರುತು ಹಾಕುವುದಕ್ಕೇ ನಾನು ಹೆಚ್ಚು ಹೊತ್ತು ತೆಗೆದುಕೊಂಡೆ. ಶಾಫ್ಟ್ ಮತ್ತು ಅದರ ತೋಳಿನ ಮೇಲೆ ಎದುರುಬದುರಾಗಿ ಪಂಚ್ ಚುಕ್ಕೆ ಇಟ್ಟೆ. ಶಾಫ್ಟ್ ಮೇಲಿನ ಸ್ಪ್ಲೈನ್ (ಉದ್ದುದ್ದ ಹಲ್ಲುಗಳು) ಒಂದು ಹಲ್ಲು ತಪ್ಪಿ ಕೂತರೂ ಮುಂದೆ ಯಾವ ಅಡ್ಜಸ್ಟ್‌ಮೆಂಟ್ ಕೂಡ ಸರಿಬರುವುದಿಲ್ಲ. ರಾಡ್‌ನ ಎರಡು ಬಾಲ್ ಜಾಯಿಂಟ್‌ಗಳ ನಡುವಿನ ಉದ್ದವನ್ನು ಮಧ್ಯದಿಂದ ಮಧ್ಯಕ್ಕೆ ಅಳೆದು ಬರೆದಿಟ್ಟೆ. ಈ ರಾಡ್‌ಗಳಲ್ಲಿ ಸಾಮಾನ್ಯವಾಗಿ ಒಂದು ತುದಿಗೆ ಎಡ ಮರೆ (ಥ್ರೆಡ್), ಇನ್ನೊಂದಕ್ಕೆ ಬಲ ಮರೆ ಇರುತ್ತದೆ. ರಾಡ್ ತಿರುಗಿಸಿದರೆ ಉದ್ದ ಹೆಚ್ಚುಕಡಿಮೆ ಆಗಲಿ ಅಂತಲೇ ಹಾಗೆ ಮಾಡಿರುವುದು. ಇದು ನೆನಪಿಲ್ಲದೆ ಲಾಕ್ ನಟ್ ಸಡಿಲಿಸಲು ಹೋದವರು ಅದನ್ನು ಇನ್ನಷ್ಟು ಬಿಗಿ ಮಾಡಿ ಸ್ಪ್ಯಾನರ್ ಜಾರಿಸಿಕೊಳ್ಳುತ್ತಾರೆ. ಲಿವರ್ ತಲೆಯಲ್ಲಿ, ಗಾಳಿಯ ಒತ್ತಡದಿಂದ ಗೇರ್‌ಗಳ ಗುಂಪು ಬದಲಿಸುವ ಹೈ-ಲೋ ಸ್ವಿಚ್ ಇರುವ ಗಾಡಿಯಾದರೆ ಮೊದಲು ಟ್ಯಾಂಕ್‌ನ ಗಾಳಿ ಬಿಟ್ಟು, ಸಣ್ಣ ಪೈಪ್‌ಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ. ಕ್ಯಾಬಿನ್ ಎತ್ತುವಾಗ ಲಿವರ್ ನ್ಯೂಟ್ರಲ್‌ನಲ್ಲಿರಲಿ. ಎತ್ತಿದ ಮೇಲೆ ಲಾಕ್ ಬಿದ್ದಿದೆ ಎಂದು ಕಣ್ಣಾರೆ ಕಾಣದೆ ಅದರ ಕೆಳಗೆ ತಲೆ ಹಾಕಬೇಡಿ.

ಬಾಲ್ ಜಾಯಿಂಟ್ ಬಿಡಿಸಲು ಬೋಲ್ಟಿನ ಮರೆಯ ಮೇಲೆ ಸುತ್ತಿಗೆ ಬೀಸಬಾರದು. ತೋಳಿನ ಕಣ್ಣಿನ ಪಕ್ಕಕ್ಕೆ ಎರಡು ಪೆಟ್ಟು ಕೊಟ್ಟರೆ ಅದರೊಳಗೆ ಬಿಗಿದು ಕೂತ ಟೇಪರ್ (ಚೂಪಾಗುತ್ತಾ ಹೋಗುವ ಭಾಗ) ತಾನೇ ಬಿಡುತ್ತದೆ. ಲಿವರ್ ಬುಡದ ನೈಲಾನ್ ಕಪ್ ನನ್ನ ಕೈಗೆ ಚೂರುಚೂರಾಗಿ ಬಂತು. ರಬ್ಬರ್ ಬೂಟ್ ಹರಿದು, ಒಳಗೆ ಸೇರಿದ ಧೂಳು ಗ್ರೀಸ್ ಜೊತೆ ಬೆರೆತು ಸಾಣೆಕಲ್ಲಿನ ಹಾಗೆ ಕೆಲಸ ಮಾಡಿತ್ತು. ಬ್ರ್ಯಾಕೆಟ್ ಬುಷ್ ತೆಗೆದಾಗ ಅದರೊಳಗಿನ ಪಿನ್ ಮೇಲೂ ಬೆರಳಿಗೆ ತಾಕುವಷ್ಟು ಮೆಟ್ಟಿಲು ಬಿದ್ದಿತ್ತು. ಸವೆದ ಪಿನ್‌ಗೆ ಹೊಸ ಬುಷ್ ಹಾಕಿದರೆ ಹಣವೂ ದಂಡ, ಕೆಲಸವೂ ದಂಡ, ಪಿನ್ನೂ ಹೊಸದಾಯಿತು. ಹಿತ್ತಾಳೆ ಬುಷ್ ಕಡೆಸಿ ಹಾಕು ಎಂದು ಕೆಲವರು ಹೇಳಿದರು. ಗ್ರೀಸ್ ನಿಪ್ಪಲ್ ಇರುವ ಜಾಗಕ್ಕೆ ಅದು ಒಳ್ಳೆಯದೇ. ಆದರೆ ಲಿವರ್ ಬುಡಕ್ಕೆ ನನ್ನ ಮತ ನೈಲಾನ್‌ಗೆ. ಲೋಹಕ್ಕೆ ಲೋಹ ತಾಗಿದರೆ ಎಂಜಿನ್ನಿನ ನಡುಕವೆಲ್ಲ ಅಂಗೈಗೇ ಬರುತ್ತದೆ.

ಬುಷ್‌ಗಳನ್ನು ಬೆಂಚ್ ವೈಸ್‌ನಲ್ಲಿ ಸಾಕೆಟ್ ಇಟ್ಟು ನಿಧಾನಕ್ಕೆ ಒತ್ತಿ ಕೂರಿಸಿದೆ. ಗ್ರೀಸ್ ಮಾಮೂಲಿ ಲಿಥಿಯಂ.

ಜೋಡಿಸುವಾಗ ಒಂದೇ ನಿಯಮ ಇಟ್ಟುಕೊಂಡೆ. ಗೇರ್ ಬಾಕ್ಸ್ ನ್ಯೂಟ್ರಲ್‌ನಲ್ಲಿ, ಲಿವರ್ ಕೂಡ ತನ್ನ ನ್ಯೂಟ್ರಲ್ ಜಾಗದಲ್ಲಿ ಇದ್ದಾಗ ರಾಡ್‌ನ ತುದಿ ಒತ್ತಾಯವಿಲ್ಲದೆ ತೂತಿಗೆ ಕೂರಬೇಕು. ಎಳೆದು ಕೂರಿಸಬೇಕಾಯಿತೆಂದರೆ ಉದ್ದ ತಪ್ಪಿದೆ. ಅಳೆದಿಟ್ಟ ಉದ್ದಕ್ಕೇ ಮೊದಲು ಇಟ್ಟೆ, ಆದರೆ ಸವೆತ ಹೋದ ಮೇಲೆ ಆ ಉದ್ದ ಸ್ವಲ್ಪ ಹೆಚ್ಚಾಯಿತು. ರಾಡ್ ತುಸು ತಿರುಗಿಸಿದ ಮೇಲೆ ರಿವರ್ಸ್ ಮತ್ತು ಒಂದನೇ ಗೇರ್ ಬೇರೆ ಬೇರೆಯಾದವು.

ನಾಲ್ಕನೇ ಗೇರ್ ಕಳಚುತ್ತಿದ್ದ ಕಾರಣ ಸಿಕ್ಕಿದ್ದು ಇಲ್ಲಿ. ಲಿವರ್ ಪೂರ್ತಿ ಹಿಂದಕ್ಕೆ ಬರುವ ಮೊದಲೇ ನೆಲದ ದಪ್ಪ ಮ್ಯಾಟ್‌ನ ಅಂಚಿಗೆ ತಾಗುತ್ತಿತ್ತು. ಒಳಗೆ ಗೇರ್ ಮುಕ್ಕಾಲು ಮಾತ್ರ ಬೀಳುತ್ತಿತ್ತು, ಲೋಡ್ ಬಿದ್ದಾಗ ಹೊರಗೆ ಜಾರುತ್ತಿತ್ತು. ಮ್ಯಾಟ್ ಕತ್ತರಿಸಿದೆ. ಒಂದೊಂದೇ ಗೇರ್ ಹಾಕಿ ಲಿವರ್ ಎಲ್ಲೂ ತಾಗದೆ ಇನ್ನೂ ಸ್ವಲ್ಪ ಜಾಗ ಉಳಿದಿದೆಯೇ ನೋಡಿದೆ. ಅದೇ ಕಡೆಯ ಪರೀಕ್ಷೆ.

ಲಿವರ್ ನೇರವಾಗಿ ಗೇರ್ ಬಾಕ್ಸ್ ಮುಚ್ಚಳದ ಮೇಲಿರುವ ಗಾಡಿಯಾದರೆ ರಾಡ್‌ನ ತಲೆನೋವಿಲ್ಲ, ಆದರೆ ಲಿವರ್ ಎತ್ತಿದ ಕೂಡಲೇ ಬಾಯಿಗೆ ಶುದ್ಧ ಬಟ್ಟೆ ಮುಚ್ಚಿ. ಒಂದು ಸರ್ಕ್ಲಿಪ್ (ಭಾಗ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ) ಒಳಗೆ ಬಿದ್ದರೆ ಯಾವ ಗೇರ್ ಬಾಕ್ಸ್ ಇಳಿಸಬಾರದು ಅಂದುಕೊಂಡಿದ್ದೆವೋ ಅದನ್ನೇ ಇಳಿಸಬೇಕಾಗುತ್ತದೆ.

ಈಗ ಗೇರ್ ಕೈಗೆ ತಿಳಿಯುತ್ತದೆ, ನಾಲ್ಕನೆಯದು ಲೋಡ್‌ನಲ್ಲೂ ನಿಲ್ಲುತ್ತದೆ. ಬೆಳಗ್ಗೆ ಗಾಡಿ ತಣ್ಣಗಿರುವಾಗ ಎರಡನೇ ಗೇರ್ ಹಾಕಿದರೆ ಮಾತ್ರ ಇನ್ನೂ ಸಣ್ಣಗೆ 'ಕರ್' ಅನ್ನುತ್ತದೆ. ಅದು ಬಹುಶಃ ಸಿಂಕ್ರೊನೈಸರ್ ರಿಂಗ್‌ನ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಒಳಗಿನ ಬಳೆ) ಸವೆತ, ಹೊರಗಿನ ಬುಷ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಕ್ಲಚ್ ಪ್ಲೇಟ್ ಬದಲಿಸಲು ಹೇಗೂ ಗೇರ್ ಬಾಕ್ಸ್ ಇಳಿಸಬೇಕಾಗುತ್ತದಲ್ಲ, ಅಲ್ಲಿಯವರೆಗೆ ಎರಡನೇ ಗೇರಿಗೆ ನಿಧಾನವಾಗಿ ಹಾಕುತ್ತೇನೆ.